ಒಂದು ಫೋನು, ಮೂವತ್ತೆಂಟು ಮಕ್ಕಳು: ಕ್ಲಾಸಲ್ಲಿ ಪ್ರತಿಯೊಬ್ಬರೂ ಯೋಚನೆ ಮಾಡೋ ಹಾಗೆ ಪಾಠ ಮಾಡೋದು ಹೇಗೆ

"ಅರ್ಥ ಆಯ್ತಾ?" ಅಂತ ಕೇಳಿದ್ರೆ ಮೂವತ್ತೆಂಟು ಮಕ್ಕಳೂ ಒಂದೇ ರಾಗದಲ್ಲಿ "ಆಯ್ತು ಮಿಸ್" ಅಂತಾರೆ. ನಾನು ಎಷ್ಟೋ ವರ್ಷ ಆ ರಾಗಾನ ನಂಬಿಕೊಂಡೇ ಪಾಠ ಮುಂದಕ್ಕೆ ತಗೊಂಡು ಹೋಗ್ತಿದ್ದೆ, ಆಮೇಲೆ ಎಫ್‌ಎ (ವರ್ಷದ ಮಧ್ಯೆ ನಡೆಯೋ ಸಣ್ಣ ಪರೀಕ್ಷೆ) ಪೇಪರ್ ತಿದ್ದೋಕೆ ಕೂತಾಗ ಅರ್ಧಕ್ಕರ್ಧ ಮಕ್ಕಳಿಗೆ ಮೊದಲನೇ ದಿನದ ವಿಷಯಾನೇ ಹಿಡಿದಿಲ್ಲ ಅಂತ ಗೊತ್ತಾಗೋದು, ಅಷ್ಟೊತ್ತಿಗೆ ಪಾಠ ಮುಗಿದು ಮುಂದಿನ ಪಾಠನೂ ಅರ್ಧ ಆಗಿರ್ತಿತ್ತು. ಕ್ಲಾಸಲ್ಲಿ ಉತ್ತರ ಹೇಳೋದು ಯಾವಾಗ್ಲೂ ಅದೇ ಮುಂದಿನ ಬೆಂಚಿನ ನಾಲ್ಕೈದು ಮಕ್ಕಳು. ಅವರು ಹೇಳಿದ್ದು ಸರಿ ಇದ್ರೆ ಇಡೀ ಕ್ಲಾಸಿಗೆ ಬಂತು ಅಂತ ನಾವು ಅಂದ್ಕೊಂಡ್ಬಿಡ್ತೀವಿ.

ನಮ್ಮ ಶಾಲೆಗೆ ಟಿವಿ ಬಂದ ವರ್ಷ ನನಗೆ ಭಾರಿ ಖುಷಿ ಆಗಿತ್ತು. ದ್ಯುತಿಸಂಶ್ಲೇಷಣೆ ಪಾಠಕ್ಕೆ ಒಂದು ಚೆಂದದ ಅನಿಮೇಶನ್ ವಿಡಿಯೋ ಹುಡುಕಿ ಇಡೀ ಪಿರಿಯಡ್ ತೋರಿಸಿದೆ, ಮಕ್ಕಳು ಕಣ್ಣು ಮಿಟುಕಿಸದೆ ನೋಡಿದ್ರು, ಒಂದು ಪಿಸುಮಾತಿಲ್ಲ. ಮಾರನೇ ದಿನ "ನಿನ್ನೆ ಏನು ನೋಡಿದ್ವಿ?" ಅಂತ ಕೇಳಿದ್ರೆ "ಎಲೆ ಹಸಿರಾಗಿತ್ತು ಮಿಸ್, ಸೂರ್ಯ ಬಂದ" ಅಷ್ಟೇ. ಆವತ್ತು ನಂಗೆ ನಿಜವಾಗ್ಲೂ ಬೇಜಾರಾಯ್ತು. ಮಕ್ಕಳು ಸುಮ್ನೆ ಕೂತು ನೋಡೋದು ಬೇರೆ, ತಲೆ ಓಡಿಸೋದು ಬೇರೆ ಅನ್ನೋದು ಅಲ್ಲಿಂದ ನನಗೆ ಪಕ್ಕಾ ಆಯ್ತು.

ಹಾಗಾಗಿ ಈ ಗೈಡಲ್ಲಿ ಆ್ಯಪ್‌ಗಳ ಉದ್ದ ಪಟ್ಟಿ ಸಿಗಲ್ಲ. ನಲವತ್ತು ನಿಮಿಷದ ಪಿರಿಯಡಲ್ಲಿ ಪ್ರತಿ ಮಗುನೂ ಕನಿಷ್ಠ ಎರಡು ಸಲ ತನ್ನ ಉತ್ತರ ತಾನೇ ಕೊಡಬೇಕು, ಅದು ನನ್ನ ಕಣ್ಣಿಗೆ ಬೀಳಬೇಕು, ಆ ಉತ್ತರ ನೋಡಿ ನಾನು ಪಾಠ ಬದಲಾಯಿಸಬೇಕು. ಇಷ್ಟಕ್ಕೆ ಏನೇನು ಬೇಕೋ ಅದನ್ನ ಮಾತ್ರ ಒಂದೊಂದಾಗಿ ಬರೀತೀನಿ. ಹೈಸ್ಕೂಲ್ ಮತ್ತು ಆರು-ಏಳನೇ ಕ್ಲಾಸ್ ಮನಸ್ಸಲ್ಲಿಟ್ಕೊಂಡು ಬರೆದಿರೋದು, ನನ್ನ ವಿಷಯ ವಿಜ್ಞಾನ ಆದ್ದರಿಂದ ಉದಾಹರಣೆ ಜಾಸ್ತಿ ಅಲ್ಲಿಂದಾನೇ ಬರುತ್ತೆ.

ಹಂತ 1: ಆ್ಯಪ್ ಪಕ್ಕಕ್ಕಿಡಿ, ಮೊದಲು ಒಂದು ಒಳ್ಳೆ ಪ್ರಶ್ನೆ ಬರೀರಿ

ಇಡೀ ಕೆಲಸದಲ್ಲಿ ಕಷ್ಟದ್ದು ಇದೇ, ಟೈಮ್ ಜಾಸ್ತಿ ತಗೊಳ್ಳೋದೂ ಇದೇ. "ದ್ಯುತಿಸಂಶ್ಲೇಷಣೆ ಎಂದರೇನು?" ಅನ್ನೋದು ಪರೀಕ್ಷೆಗೆ ಸರಿ, ಆದ್ರೆ ಅದಕ್ಕೆ ಬಾಯಿಪಾಠದ ಉತ್ತರ ಬರುತ್ತೆ, ಮಗು ಒಳಗೆ ಏನು ಅಂದ್ಕೊಂಡಿದೆ ಅಂತ ಹೊರಗೆ ಬರಲ್ಲ. ಅದರ ಬದಲು ಹೀಗೆ ಕೇಳಿ ನೋಡಿ:

ನಮ್ಮೂರ ಕಟ್ಟೆ ಹತ್ರ ಇರೋ ಆಲದ ಮರ ಒಂದು ಕಾಲದಲ್ಲಿ ಸಾಸಿವೆ ಗಾತ್ರದ ಬೀಜ. ಈಗ ಅದರ ಕಟ್ಟಿಗೆ ಒಣಗಿಸಿ ತೂಗಿದ್ರೂ ಟನ್‌ಗಟ್ಟಲೆ ಆಗುತ್ತೆ. ಆ ಒಣ ಕಟ್ಟಿಗೆಯ ತೂಕದಲ್ಲಿ ಹೆಚ್ಚಿನ ಪಾಲು ಎಲ್ಲಿಂದ ಬಂತು? ಎ) ಮಣ್ಣಿಂದ, ಬಿ) ಗಾಳಿಯಿಂದ, ಸಿ) ಬೇರು ಹೀರಿದ ನೀರಿಂದ, ಡಿ) ಸೂರ್ಯನ ಬೆಳಕಿಂದ.

ನಾನು ಕೇಳಿದಾಗೆಲ್ಲ ಜಾಸ್ತಿ ಮಕ್ಕಳು ಹೋಗೋದು ಮಣ್ಣಿಗೆ. ರೈತರ ಮಕ್ಕಳು, ಗೊಬ್ಬರ ಹಾಕಿದ್ರೆ ಬೆಳೆ ಬರುತ್ತೆ ಅಂತ ಕಣ್ಣಾರೆ ನೋಡಿದವರು, ಹಾಗಾಗಿ ಅವರ ತಪ್ಪಿಗೂ ಒಂದು ಲಾಜಿಕ್ ಇದೆ. ಸರಿ ಉತ್ತರ ಗಾಳಿ. ಕಾರ್ಬನ್ ಡೈಆಕ್ಸೈಡಲ್ಲಿರೋ ಕಾರ್ಬನ್ನು, ಆಕ್ಸಿಜನ್ನೇ ಸಕ್ಕರೆ ಆಗಿ ಆಮೇಲೆ ಕಟ್ಟಿಗೆ ಆಗೋದು, ನೀರಿಂದ ಬರೋ ಹೈಡ್ರೋಜನ್ ತೂಕದಲ್ಲಿ ಸ್ವಲ್ಪ, ಮಣ್ಣಿನ ಖನಿಜಗಳು ಇನ್ನೂ ಸ್ವಲ್ಪ.

ಗಮನಿಸಿ, ಈ ಪ್ರಶ್ನೆಯಲ್ಲಿ ತಪ್ಪು ಆಯ್ಕೆಗಳು ಸುಮ್ನೆ ತುಂಬ್ಸೋಕೆ ಹಾಕಿದ್ದಲ್ಲ, ಒಂದೊಂದೂ ಯಾವುದೋ ಮಗು ನಿಜವಾಗ್ಲೂ ನಂಬಿರೋ ಮಾತು. ಅಂಥ ತಪ್ಪು ಉತ್ತರಗಳನ್ನ ಎಲ್ಲಿಂದ ತರೋದು ಅಂದ್ರೆ, ಹಳೇ ಉತ್ತರ ಪತ್ರಿಕೆಗಳು ಚಿನ್ನದ ಗಣಿ. ನಾನು ಪೇಪರ್ ತಿದ್ದೋವಾಗ ಪಕ್ಕದಲ್ಲೊಂದು ನೋಟ್‌ಬುಕ್ ಇಟ್ಕೊಂಡಿರ್ತೀನಿ, ಒಂದೇ ತರದ ತಪ್ಪು ಮೂರು ಪೇಪರಲ್ಲಿ ಬಂದ್ರೆ ಬರೆದಿಟ್ಕೋತೀನಿ. ಇನ್ನೊಂದು ದಾರಿ, ಪಾಠ ಶುರು ಮಾಡೋ ಹಿಂದಿನ ದಿನ ಪ್ರಶ್ನೆಯನ್ನ ಆಯ್ಕೆ ಇಲ್ಲದೆ ಬೋರ್ಡ್ ಮೇಲೆ ಬರೆದು, ಚೂರು ಪೇಪರಲ್ಲಿ ಎರಡು ಸಾಲು ಬರ್ಕೊಡಿ, ಹೆಸರು ಬೇಡ ಅನ್ನೋದು. ಆ ಚೀಟಿಗಳಲ್ಲೇ ಮಾರನೇ ದಿನದ ನಾಲ್ಕು ಆಯ್ಕೆ ಸಿಕ್ಕಿರುತ್ತೆ.

ಗಣಿತದವರಿಗೆ ಒಂದು: 0.35 ದೊಡ್ಡದೋ 0.8 ದೊಡ್ಡದೋ? ಮೂವತ್ತೈದು ಎಂಟಕ್ಕಿಂತ ದೊಡ್ಡದಲ್ವಾ ಅಂತ 0.35 ಅನ್ನೋ ಮಕ್ಕಳು ಹೈಸ್ಕೂಲಲ್ಲೂ ಇರ್ತಾರೆ. ಸಮಾಜದವರಿಗೆ ಒಂದು: ಬೇಸಿಗೆ ಯಾಕೆ ಬರುತ್ತೆ? ಭೂಮಿ ಸೂರ್ಯನ ಹತ್ರ ಹೋಗುತ್ತೆ ಅದಕ್ಕೆ ಅನ್ನೋ ಉತ್ತರ ಗ್ಯಾರಂಟಿ ಬರುತ್ತೆ, ಆಗ ಭೂಮಿ ಸೂರ್ಯನಿಗೆ ಅತಿ ಹತ್ರ ಇರೋದು ಜನವರಿ ಮೊದಲ ವಾರದಲ್ಲಿ, ಸುಮಾರು 14.7 ಕೋಟಿ ಕಿಲೋಮೀಟರ್, ಜುಲೈಲಿ ಸುಮಾರು 15.2 ಕೋಟಿ ಅಂತ ಹೇಳಿ ಸುಮ್ನಿದ್ದುಬಿಡಿ, ಮಿಕ್ಕಿದ್ದನ್ನ ಅವರೇ ಎಳೀತಾರೆ.

ಒಂದು ಪಿರಿಯಡಿಗೆ ಇಂಥ ಪ್ರಶ್ನೆ ಎರಡು ಸಾಕು, ಮೂರು ಅಂದ್ರೆ ಜಾಸ್ತೀನೇ. ಚಾಟ್‌ಜಿಪಿಟಿ, ಜೆಮಿನಿ ಹತ್ರ ಕೇಳಿದ್ರೆ ನಿಮಿಷದಲ್ಲಿ ಇಪ್ಪತ್ತು ಪ್ರಶ್ನೆ ಕೊಡುತ್ತೆ, ನಾನೂ ಕೆಲವೊಮ್ಮೆ ಕೇಳ್ತೀನಿ, ಆದ್ರೆ ಪಾರಿಭಾಷಿಕ ಪದ ನಮ್ಮ ಪಠ್ಯಪುಸ್ತಕದಲ್ಲಿ ಇರೋ ಹಾಗೆ ಇರಲ್ಲ, ಆಯ್ಕೆಗಳಲ್ಲಿ ಎರಡು ಸರಿ ಇರೋದೂ ಉಂಟು, ಒಂದೊಂದನ್ನೂ ಕೂತು ನೋಡದೆ ಮಕ್ಕಳ ಮುಂದೆ ಇಡಬೇಡಿ.

ಹಂತ 2: ಕೇಳಿದ ಮೇಲೆ ಬಾಯಿ ಮುಚ್ಕೊಂಡಿರೋದು

ಇದಕ್ಕೆ ಕರೆಂಟೂ ಬೇಡ, ನೆಟ್ಟೂ ಬೇಡ. ಅಮೆರಿಕದ ಮೇರಿ ಬಡ್ ರೋ ಅನ್ನೋ ಸಂಶೋಧಕಿ 1970ರ ದಶಕದಲ್ಲೇ ಕ್ಲಾಸ್‌ಗಳ ಟೇಪ್ ಕೇಳಿ ಲೆಕ್ಕ ಹಾಕಿದ್ರು, ಪ್ರಶ್ನೆ ಕೇಳಿದ ಮೇಲೆ ಟೀಚರ್‌ಗಳು ಕಾಯೋದು ಹೆಚ್ಚು ಕಮ್ಮಿ ಒಂದು ಸೆಕೆಂಡ್ ಅಂತ. ಅದನ್ನ ಮೂರು ಸೆಕೆಂಡಿಗೆ ಏರಿಸಿದ್ರೆ ಮಕ್ಕಳ ಉತ್ತರ ಉದ್ದ ಆಗುತ್ತೆ, "ಗೊತ್ತಿಲ್ಲ" ಅನ್ನೋರು ಕಮ್ಮಿ ಆಗ್ತಾರೆ ಅಂತಾನೂ ಅವರು ಕಂಡುಕೊಂಡ್ರು. ನಾನು ನನ್ನದೇ ಪಾಠವನ್ನ ಫೋನಲ್ಲಿ ರೆಕಾರ್ಡ್ ಮಾಡಿ ಕೇಳಿದೆ, ನಾನೂ ಒಂದು ಸೆಕೆಂಡಿನ ಪಾರ್ಟಿನೇ. ನೀವೂ ಒಂದು ಸಲ ರೆಕಾರ್ಡ್ ಮಾಡಿ ಕೇಳಿ, ಯಾವ ಟ್ರೈನಿಂಗಲ್ಲೂ ಸಿಗದ ಪಾಠ ಅದು.

ಈಗ ಮಾಡೋದು ಹೀಗೆ. ಪ್ರಶ್ನೆ ಓದ್ತೀನಿ, ಕೈ ಎತ್ತೋ ಹಾಗಿಲ್ಲ ಅಂತ ಮೊದಲೇ ಹೇಳಿರ್ತೀನಿ, ಮನಸ್ಸಲ್ಲೇ ಹತ್ತು ಎಣಿಸ್ತೀನಿ. ಮೊದಲನೇ ವಾರ ಆ ಮೌನ ಹಿಂಸೆ ಅನಿಸುತ್ತೆ, ಆಮೇಲೆ ಅಭ್ಯಾಸ ಆಗುತ್ತೆ. ಬಾಯಲ್ಲಿ ಉತ್ತರ ಬೇಕಾದಾಗ ಹೆಸರು ಬರೆದ ಐಸ್‌ಕ್ರೀಂ ಕಡ್ಡಿಗಳ ಡಬ್ಬಿಯಿಂದ ಒಂದು ಕಡ್ಡಿ ಎತ್ತೋದು, ಬಂದ ಹೆಸರಿನವರು ಹೇಳಬೇಕು. ಇಲ್ಲಿ ಒಂದು ಎಚ್ಚರಿಕೆ ಬೇಕು: ಯಾರಿಗೂ ಯೋಚಿಸೋಕೆ, ಪಕ್ಕದವರ ಜೊತೆ ಮಾತಾಡೋಕೆ ಟೈಮ್ ಕೊಡದೆ ನೇರ ಕಡ್ಡಿ ಎತ್ತಿದ್ರೆ ಅದು ಬೆದರಿಸೋ ಕೆಲಸ ಆಗುತ್ತೆ. ಮೊದಲು ಒಬ್ಬರೇ ಯೋಚನೆ, ಆಮೇಲೆ ಪಕ್ಕದವರ ಜೊತೆ ಒಂದು ನಿಮಿಷ, ಆಮೇಲೆ ಕಡ್ಡಿ. ಆಗ ಮಗು "ನಾವಿಬ್ಬರೂ ಹಿಂಗಂದ್ಕೊಂಡ್ವಿ ಮಿಸ್" ಅನ್ನುತ್ತೆ, "ನಾವಿಬ್ಬರೂ" ಅನ್ನೋದೇ ಆ ಮಗುಗೆ ಧೈರ್ಯ.

ಹಂತ 3: ಪ್ಲಿಕರ್ಸ್ ಕಾರ್ಡ್, ಒಂದೇ ಫೋನಲ್ಲಿ ಇಡೀ ಕ್ಲಾಸಿನ ಉತ್ತರ

ನಾನು ಈ ಗೈಡ್ ಬರೆಯೋಕೆ ಕಾರಣಾನೇ ಇದು. ಮಕ್ಕಳ ಹತ್ರ ಫೋನ್ ಬೇಕಾಗಿಲ್ಲ, ಟೀಚರ್ ಫೋನ್ ಒಂದು ಸಾಕು. ಪ್ರತಿ ಮಗು ಕೈಯಲ್ಲಿ ಒಂದು ಕಾಗದದ ಕಾರ್ಡ್ ಇರುತ್ತೆ, ಅದರ ಮೇಲೆ ಕಪ್ಪು ಚೌಕಗಳ ಒಂದು ಚಿತ್ರ, ನೋಡೋಕೆ ಕ್ಯೂಆರ್ ಕೋಡ್ ತಂಗಿ ತರ. ನಾಲ್ಕು ಬದಿಯಲ್ಲಿ ಸಣ್ಣದಾಗಿ ಎ, ಬಿ, ಸಿ, ಡಿ ಅಂತ ಇಂಗ್ಲಿಷ್ ಅಕ್ಷರ ಇರುತ್ತೆ. ತನ್ನ ಉತ್ತರದ ಅಕ್ಷರ ಮೇಲಕ್ಕೆ ಬರೋ ಹಾಗೆ ಕಾರ್ಡ್ ತಿರುಗಿಸಿ ಹಿಡಿಯೋದು. ಟೀಚರ್ ಮುಂದೆ ನಿಂತು ಫೋನಿನ ಕ್ಯಾಮೆರಾನ ಕ್ಲಾಸ್ ಉದ್ದಕ್ಕೂ ನಿಧಾನ ತಿರುಗಿಸಿದ್ರೆ ಯಾರು ಏನು ಹೇಳಿದ್ರು ಅಂತ ಎಲ್ಲಾ ಬಂದ್ಬಿಡುತ್ತೆ. ಒಂದೊಂದು ಕಾರ್ಡಿನ ಚಿತ್ರ ಬೇರೆ ಬೇರೆ ಆದ್ದರಿಂದ ಪಕ್ಕದವರದ್ದು ನೋಡಿ ಕಾಪಿ ಹೊಡೆಯೋಕೂ ಬರಲ್ಲ.

ಸೆಟಪ್ ಮಾಡೋದು ಹೀಗೆ:

1. ಪ್ಲಿಕರ್ಸ್ ವೆಬ್‌ಸೈಟಲ್ಲಿ ನಿಮ್ಮ ಇಮೇಲ್‌ನಿಂದ ಫ್ರೀ ಅಕೌಂಟ್ ತೆರೀರಿ, ಅದೇ ಹೆಸರಿನ ಆ್ಯಪ್ ಫೋನಿಗೆ ಹಾಕ್ಕೊಳ್ಳಿ.

2. ವೆಬ್‌ಸೈಟಲ್ಲೇ ಕಾರ್ಡ್‌ಗಳ ಪಿಡಿಎಫ್ ಫ್ರೀಯಾಗಿ ಸಿಗುತ್ತೆ. ಮಾಮೂಲಿ ಸೆಟ್ಟಲ್ಲಿ 40 ಕಾರ್ಡ್, ಅದಕ್ಕಿಂತ ಜಾಸ್ತಿ ಮಕ್ಕಳಿದ್ರೆ 63ರ ಸೆಟ್ ಇದೆ. ಸ್ವಲ್ಪ ದಪ್ಪ ಪೇಪರಲ್ಲಿ ಕಪ್ಪು-ಬಿಳುಪು ಪ್ರಿಂಟ್ ಸಾಕು. ಹೊಳೆಯೋ ಲ್ಯಾಮಿನೇಶನ್ ಮಾತ್ರ ಮಾಡಿಸಬೇಡಿ, ಕಿಟಕಿ ಬೆಳಕು ಅದರ ಮೇಲೆ ಬಿದ್ದು ಕ್ಯಾಮೆರಾಗೆ ಓದೋಕಾಗಲ್ಲ, ನಾನು ದುಡ್ಡು ಕೊಟ್ಟು ಮಾಡಿಸಿ ಆಮೇಲೆ ಮತ್ತೆ ಪ್ರಿಂಟ್ ತೆಗೆಸಿದ್ದೀನಿ. ಹಳೇ ಮದುವೆ ಕಾರ್ಡಿನ ರಟ್ಟಿಗೆ ಅಂಟಿಸಿದ್ರೆ ವರ್ಷ ಪೂರ್ತಿ ಬರುತ್ತೆ.

3. ಕ್ಲಾಸ್ ಒಂದನ್ನ ಸೃಷ್ಟಿ ಮಾಡಿ ಮಕ್ಕಳ ಪಟ್ಟಿ ಹಾಕಿ. ಹೆಸರಿನ ಬದಲು ಹಾಜರಿ ನಂಬರ್ ಹಾಕೋದು ಒಳ್ಳೇದು, ಯಾಕೆ ಅಂತ ಮುಂದೆ ಹೇಳ್ತೀನಿ. ಹಾಜರಿ ನಂಬರ್ 7ರ ಮಗುಗೆ 7ನೇ ಕಾರ್ಡ್, ಹೀಗೆ ಇಟ್ರೆ ಹಂಚೋಕೂ ಸುಲಭ.

4. ಪ್ರಶ್ನೆ ಟೈಪ್ ಮಾಡಿ. ಫೋನಲ್ಲಿ ಕನ್ನಡ ಟೈಪಿಂಗ್ ಕಷ್ಟ ಆದ್ರೆ ಗೂಗಲ್ ಕೀಬೋರ್ಡ್ ಆದ ಜಿಬೋರ್ಡ್‌ನಲ್ಲಿ ಮೈಕ್ ಒತ್ತಿ ಕನ್ನಡದಲ್ಲೇ ಹೇಳಿದ್ರೆ ಬರ್ಕೊಳ್ಳುತ್ತೆ, ಕಾಗುಣಿತ ಒಂದು ಸಲ ನೋಡ್ಕೊಳ್ಳಿ. ಟೈಪ್ ಮಾಡೋಕೆ ಟೈಮಿಲ್ವಾ, ಪ್ರಶ್ನೆ ಬೋರ್ಡ್ ಮೇಲೆ ಬರೀರಿ, ಆ್ಯಪಲ್ಲಿ ಬರೀ "ಪ್ರಶ್ನೆ 1" ಅಂತ ಹಾಕಿ ಸರಿ ಉತ್ತರ ಗುರುತು ಮಾಡಿಟ್ರೂ ಕೆಲಸ ನಡೆಯುತ್ತೆ.

5. ಮೊದಲನೇ ದಿನ ಪಾಠದ ಪ್ರಶ್ನೆ ಬೇಡ. "ಬಿಸಿಯೂಟಕ್ಕೆ ಯಾವುದು ಇಷ್ಟ?" ಅಂತ ಕೇಳಿ, ಕಾರ್ಡ್ ಹಿಡಿಯೋದು ಕಲಿಸಿ. ಬೆರಳು ಚಿತ್ರದ ಮೇಲೆ ಬರಬಾರದು, ಎರಡು ಬದಿಯ ಬಿಳಿ ಅಂಚಲ್ಲಿ ಹಿಡೀಬೇಕು, ಎದೆ ಮಟ್ಟಕ್ಕೆ ನೆಟ್ಟಗೆ. ಹಿಂದಿನ ಬೆಂಚಿನವರ ಕಾರ್ಡ್ ಮುಂದಿನವರ ತಲೆಗೆ ಮರೆ ಆಗುತ್ತೆ, ನೀವು ಒಂದು ಹೆಜ್ಜೆ ಪಕ್ಕಕ್ಕೆ ಸರಿದ್ರೆ ಸಿಗುತ್ತೆ.

ನಮ್ಮ ಮಕ್ಕಳು ಇದನ್ನ ಬೇಗ ಹಿಡ್ಕೋತಾರೆ. ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಶುರುವಾದ, ಕಾರ್ಡ್, ಚಟುವಟಿಕೆಗಳ ಮೂಲಕ ಕಲಿಸೋ ನಲಿ-ಕಲಿ ಪದ್ಧತಿ ಇವತ್ತು ರಾಜ್ಯದ ಸರ್ಕಾರಿ ಶಾಲೆಗಳಲ್ಲೆಲ್ಲ ಇದೆ, ಒಂದರಿಂದ ಮೂರನೇ ಕ್ಲಾಸ್‌ವರೆಗೆ ಕಾರ್ಡ್ ಹಿಡ್ಕೊಂಡೇ ಕಲಿತು ಬಂದ ಮಕ್ಕಳಿವರು. ನಾಲ್ಕನೇ ಕ್ಲಾಸಿಂದ ನಾವೇ ಅವರನ್ನ ಬೆಂಚಿಗೆ ಕಟ್ಟಿಹಾಕಿ ಸುಮ್ನೆ ಕೂರಿಸೋದು.

ಕಹೂಟ್ ಅನ್ನೋ ಕ್ವಿಜ್ ಆಟದ ಬಗ್ಗೆ ತುಂಬಾ ಜನ ಕೇಳ್ತಾರೆ. ಚೆನ್ನಾಗಿದೆ, ಮ್ಯೂಸಿಕ್ ಬರುತ್ತೆ, ಮಕ್ಕಳು ಕುಣೀತಾರೆ, ಆದ್ರೆ ಉತ್ತರ ಕೊಡೋಕೆ ಮಕ್ಕಳ ಹತ್ರ ಫೋನೋ ಕಂಪ್ಯೂಟರೋ ಬೇಕು, ಜೊತೆಗೆ ಮಾಮೂಲಿ ಆಟದಲ್ಲಿ ಬೇಗ ಒತ್ತಿದವರಿಗೆ ಜಾಸ್ತಿ ಪಾಯಿಂಟ್. ನಿಧಾನ ಯೋಚನೆ ಮಾಡೋ ಮಗು ಅಲ್ಲಿ ಸೋಲೋದು ನನಗೆ ಇಷ್ಟ ಆಗಲ್ಲ. ಕಂಪ್ಯೂಟರ್ ಲ್ಯಾಬ್ ಇದ್ರೆ ಟೀಮ್ ಮಾಡಿ, ಪಾಠ ಮುಗಿದ ಮೇಲೆ ರಿವಿಷನ್‌ಗೆ ಆಡಿಸಿ, ಹೊಸ ವಿಷಯ ಕಲಿಸೋಕೆ ಬೇಡ.

ಹಂತ 4: ಓಟು, ಜಗಳ, ಮತ್ತೆ ಓಟು

ಹಾರ್ವರ್ಡ್‌ನ ಭೌತಶಾಸ್ತ್ರದ ಪ್ರೊಫೆಸರ್ ಎರಿಕ್ ಮಜೂರ್ 1990ರ ದಶಕದ ಶುರುವಿನಿಂದ ಈ ಪದ್ಧತಿ ಬಳಸ್ತಾ ಬಂದಿದ್ದಾರೆ. ಪ್ರಶ್ನೆ ಕೇಳು, ಒಬ್ಬೊಬ್ಬರೂ ಉತ್ತರ ಕೊಡಲಿ, ಆಮೇಲೆ ಬೇರೆ ಉತ್ತರ ಕೊಟ್ಟವರ ಜೊತೆ ವಾದ ಮಾಡಲಿ, ಮತ್ತೆ ಉತ್ತರ ಕೊಡಲಿ. ನಮ್ಮ ಕ್ಲಾಸಿಗೆ ಇದು ಹೇಳಿ ಮಾಡಿಸಿದ ಹಾಗಿದೆ.

ಆಲದ ಮರದ ಪ್ರಶ್ನೆ ನಾನು ಮಾಡಿದ ದಿನದ್ದು ಹೇಳ್ತೀನಿ. ಮೊದಲನೇ ಓಟಲ್ಲಿ ಮಣ್ಣು 19, ನೀರು 7, ಬೆಳಕು 3, ಗಾಳಿಗೆ 9 ಓಟು. ಇಲ್ಲಿ ಎರಡು ಕಟ್ಟುನಿಟ್ಟು: ರಿಸಲ್ಟ್ ಟಿವಿಯಲ್ಲಿ ತೋರಿಸಬಾರದು, ಸರಿ ಉತ್ತರ ಯಾವುದು ಅಂತ ಮುಖದಲ್ಲೂ ತೋರಿಸಬಾರದು. ಓಟು ತೋರಿಸಿಬಿಟ್ರೆ ಎಲ್ಲರೂ ಜಾಸ್ತಿ ಓಟಿನ ಕಡೆ ವಾಲ್ತಾರೆ, ಯೋಚನೆ ಅಲ್ಲಿಗೆ ನಿಂತುಹೋಗುತ್ತೆ.

ಬರೀ ಇಷ್ಟು ಹೇಳಿದೆ: "ನಿಮ್ಮ ಉತ್ತರ ಅಲ್ಲದ ಉತ್ತರ ಕೊಟ್ಟವರನ್ನ ಹುಡುಕಿ, ಮೂರು ನಿಮಿಷದಲ್ಲಿ ಅವರನ್ನ ಒಪ್ಪಿಸಿ." ಕ್ಲಾಸ್ ಸಂತೆ ಆಯ್ತು. ಪಕ್ಕದ ಕ್ಲಾಸಿನ ಮೇಷ್ಟ್ರು ಬಾಗಿಲಲ್ಲಿ ಇಣುಕಿ ನೋಡಿ ಹೋದ್ರು. ನಾನು ಬೆಂಚುಗಳ ಮಧ್ಯೆ ಓಡಾಡ್ತಾ ಕಿವಿ ಕೊಟ್ಟೆ, ಮಾತಾಡಲಿಲ್ಲ. ಯಾವಾಗ್ಲೂ ಕಿಟಕಿ ಹತ್ರ ಕೂರೋ, ಬಾಯಿ ಬಿಡದ ಒಬ್ಬ ಹುಡುಗಿ "ಮಣ್ಣು ತಿಂದು ಮರ ಆಗೋದಾದ್ರೆ ನಮ್ಮನೆ ಕುಂಡದಲ್ಲಿ ಮಣ್ಣು ಖಾಲಿ ಆಗ್ಬೇಕಿತ್ತಲ್ವಾ, ಗುಂಡಿ ಬೀಳಬೇಕಿತ್ತಲ್ವಾ" ಅಂದಳು. ಎದುರಿಗಿದ್ದ ಹುಡುಗ ಬಾಯಿ ತೆರೆದವನು ಹಾಗೇ ನಿಂತ. ಆ ಹುಡುಗಿ ಮೊದಲ ಓಟು ನೀರಿಗೆ ಹಾಕಿದ್ದಳು ಅನ್ನೋದು ಆಮೇಲೆ ಫೋನಲ್ಲಿ ನೋಡಿದೆ, ಸರಿ ಉತ್ತರ ಗೊತ್ತಿಲ್ಲದೇನೇ ತಪ್ಪು ಉತ್ತರವನ್ನ ಉರುಳಿಸಿದ್ದಳು.

ಎರಡನೇ ಓಟು: ಮಣ್ಣು 5, ಬೆಳಕು 2, ನೀರು 15, ಗಾಳಿ 16. ಈಗ ನೀರಾ ಗಾಳಿನಾ ಅನ್ನೋ ಜಗಳ. ಆಗ ವಾನ್ ಹೆಲ್ಮಾಂಟ್ ಅನ್ನೋ ಹಳೇ ಕಾಲದ ವಿಜ್ಞಾನಿ ಕತೆ ಹೇಳಿದೆ. ಸುಮಾರು 90 ಕಿಲೋ ಒಣಮಣ್ಣು ತೂಗಿ ಕುಂಡಕ್ಕೆ ಹಾಕಿ, ಎರಡು ಚಿಲ್ಲರೆ ಕಿಲೋದ ವಿಲೋ ಗಿಡ ನೆಟ್ಟು, ಐದು ವರ್ಷ ಬರೀ ನೀರು ಹಾಕಿದ ಮನುಷ್ಯ. ಮರ ಸುಮಾರು 77 ಕಿಲೋ ಆಗಿತ್ತು, ಮಣ್ಣು ಕಮ್ಮಿ ಆಗಿದ್ದು ಬರೀ 57 ಗ್ರಾಂ ಅಷ್ಟು. ಅವನು ಬರೆದಿದ್ದು ಅವನು ಸತ್ತ ಮೇಲೆ 1648ರಲ್ಲಿ ಅಚ್ಚಾಯ್ತು. ಅವನೂ "ಎಲ್ಲಾ ನೀರಿಂದಾನೇ" ಅಂತ ತೀರ್ಮಾನ ಮಾಡಿದ್ದ ಅಂದಾಗ ನೀರಿಗೆ ಓಟು ಹಾಕಿದವರ ಮುಖ ಅರಳಿತು, ದೊಡ್ಡ ವಿಜ್ಞಾನಿನೂ ನಮ್ಮ ಪಾರ್ಟಿ ಅಂತ. ಅಲ್ಲಿಂದ ಎಲೆಯ ರಂಧ್ರ, ಕಾರ್ಬನ್ ಡೈಆಕ್ಸೈಡ್ ಕಡೆ ಪಾಠ ತಾನಾಗಿ ಹೋಯ್ತು, ಆ ದಿನ ಬೋರ್ಡ್ ಮೇಲೆ ಸಮೀಕರಣ ಬರೆದಾಗ ಮಕ್ಕಳು ಅದನ್ನ ಓದಿದ ರೀತಿನೇ ಬೇರೆ ಇತ್ತು.

ಮೊದಲ ಓಟು ನೋಡಿ ಮುಂದೇನು ಅನ್ನೋದಕ್ಕೆ ಮಜೂರ್ ಪದ್ಧತಿಯಲ್ಲಿ ಒಂದು ಅಂದಾಜು ಲೆಕ್ಕ ಇದೆ. ಸರಿ ಉತ್ತರ ನೂರಕ್ಕೆ 30ಕ್ಕಿಂತ ಕಮ್ಮಿ ಬಂದ್ರೆ ವಾದಕ್ಕೆ ಬಿಟ್ಟು ಪ್ರಯೋಜನ ಕಮ್ಮಿ, ಒಂದು ಸುಳಿವು ಕೊಟ್ಟೋ ಮತ್ತೆ ವಿವರಿಸಿಯೋ ಕೇಳಬೇಕು. 30ರಿಂದ 70ರ ಮಧ್ಯೆ ಇದ್ರೆ ವಾದಕ್ಕೆ ಬಿಡಿ, ಬೆಳೆ ಬರೋದೇ ಅಲ್ಲಿ. 70 ದಾಟಿದ್ರೆ ಸರಿ ಉತ್ತರ ಕೊಟ್ಟ ಒಬ್ಬರ ಹತ್ರ ಕಾರಣ ಹೇಳಿಸಿ ಮುಂದಕ್ಕೆ ಹೋಗಿ. ನನ್ನ 38ಕ್ಕೆ 9 ಅಂದ್ರೆ 30ಕ್ಕಿಂತ ಕಮ್ಮಿನೇ, ಆದ್ರೂ ಬಿಟ್ಟೆ, ಯಾಕಂದ್ರೆ ಮಣ್ಣಿನ ಪಾರ್ಟಿಯವರು ಅಷ್ಟು ಗಟ್ಟಿ ನಂಬಿದ್ದರು. ಲೆಕ್ಕ ಇರ್ಲಿ, ಕ್ಲಾಸಿನ ಮುಖ ನೋಡಿ ನೀವೇ ತೀರ್ಮಾನ ಮಾಡಿ.

ಹಂತ 5: ತೋರಿಸೋ ಮೊದಲು ಊಹೆ ಬರೆಸಿ

ವಿಡಿಯೋ, ಸಿಮ್ಯುಲೇಶನ್ (ಸ್ಕ್ರೀನ್ ಮೇಲೇ ಮಾಡೋ ಪ್ರಯೋಗ) ಬೇಡ ಅಂತ ನಾನು ಹೇಳ್ತಿಲ್ಲ. ನನ್ನ ಹಳೇ ತಪ್ಪು ವಿಡಿಯೋದ್ದಲ್ಲ, ಮಕ್ಕಳ ಹತ್ರ ಏನೂ ಕೇಳದೆ ತೋರಿಸಿದ್ದು.

ಫೆಟ್ ಸಿಮ್ಯುಲೇಶನ್‌ಗಳು ಬೌಲ್ಡರ್‌ನ ಕೊಲೊರಾಡೋ ಯೂನಿವರ್ಸಿಟಿಯವು, ನೊಬೆಲ್ ಬಂದ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದ್ದು, ಪೂರ್ತಿ ಫ್ರೀ, ಕೆಲವು ಕನ್ನಡದಲ್ಲೂ ಇವೆ. ಹೊಸ ಮಾದರಿಯ ಸಿಮ್ಯುಲೇಶನ್ ಒಂದೊಂದೂ ಒಂದು ಫೈಲ್ ಆಗಿ ಡೌನ್‌ಲೋಡ್ ಆಗುತ್ತೆ, ಪೆನ್‌ಡ್ರೈವಲ್ಲಿ ಹಾಕ್ಕೊಂಡು ಬಂದ್ರೆ ನೆಟ್ ಇಲ್ಲದೆ ಶಾಲೆ ಲ್ಯಾಪ್‌ಟಾಪಿನ ಬ್ರೌಸರಲ್ಲಿ ಓಡುತ್ತೆ. ನನಗೆ ಜಾಸ್ತಿ ಉಪಯೋಗ ಆಗಿರೋದು ಸರ್ಕಿಟ್ ಕಟ್ಟೋ ಸಿಮ್ಯುಲೇಶನ್.

ಎರಡು ಬಲ್ಬ್ ಸರಣಿಯಲ್ಲಿ ಉರೀತಿದೆ, ಒಂದನ್ನ ಕಿತ್ತರೆ ಇನ್ನೊಂದು ಏನಾಗುತ್ತೆ? ಸ್ಕ್ರೀನ್ ನಿಲ್ಲಿಸಿ. ನೋಟ್‌ಬುಕ್ಕಲ್ಲಿ ಊಹೆ ಒಂದು ಸಾಲು, ಕಾರಣ ಒಂದು ಸಾಲು ಬರೆಸಿ, ಪೆನ್ನಲ್ಲೇ ಬರೀಬೇಕು, ಆಮೇಲೆ ಅಳಿಸೋ ಹಾಗಿಲ್ಲ. ಈಗ ಒಬ್ಬ ಮಗುನ ಕರೆದು ಮೌಸ್ ಕೊಡಿ, ಬಲ್ಬ್ ಕೀಳಲಿ. ಆಮೇಲೆ ಮೂರನೇ ಸಾಲು: ಊಹೆಗೂ ಕಂಡಿದ್ದಕ್ಕೂ ಏನು ವ್ಯತ್ಯಾಸ, ಯಾಕೆ? ಅದೇ ಬಲ್ಬ್‌ಗಳನ್ನ ಸಮಾಂತರವಾಗಿ ಜೋಡಿಸಿ ಮತ್ತೆ ಅದೇ ಪ್ರಶ್ನೆ. ಇಷ್ಟಕ್ಕೆ ಹದಿನೈದು ನಿಮಿಷ ಹೋಗುತ್ತೆ, ಹೋಗ್ಲಿ. ಮೌಸ್ ಯಾವಾಗ್ಲೂ ಮಕ್ಕಳ ಕೈಯಲ್ಲೇ ಇರಲಿ.

ಗಣಿತಕ್ಕೆ ಜಿಯೋಜಿಬ್ರಾ ಅನ್ನೋ, ಆಕೃತಿ ಬರೆದು ಎಳೆದು ನೋಡೋ ಸಾಫ್ಟ್‌ವೇರ್ ಇದೇ ರೀತಿ ಬಳಸಿ. ತ್ರಿಭುಜದ ಒಂದು ಮೂಲೆ ಎಳೆದ್ರೆ ಮೂರು ಕೋನಗಳ ಮೊತ್ತ ಏನಾಗುತ್ತೆ ಅಂತ ಊಹೆ ಬರೆಸಿ ಆಮೇಲೆ ಎಳೀರಿ. ಪಠ್ಯಪುಸ್ತಕದಲ್ಲಿರೋ ಕ್ಯೂಆರ್ ಕೋಡ್ ಸರ್ಕಾರದ ದೀಕ್ಷಾ ಆ್ಯಪಲ್ಲಿ ಸ್ಕ್ಯಾನ್ ಮಾಡಿದ್ರೆ ಆ ಪಾಠದ್ದೇ ವಿಡಿಯೋ ಬರುತ್ತೆ, ಮನೆಯಲ್ಲೇ ಡೌನ್‌ಲೋಡ್ ಮಾಡ್ಕೊಂಡು ಬನ್ನಿ, ಎರಡು-ಮೂರು ನಿಮಿಷದ ತುಂಡು ತೋರಿಸಿ ನಿಲ್ಲಿಸಿ, ಕೇಳಿ, ಮತ್ತೆ ತೋರಿಸಿ.

ಹಂತ 6: ಫೋನನ್ನೇ ಅಳತೆಯ ಸಾಮಾನು ಮಾಡಿ

ಇದು ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಫೈಫಾಕ್ಸ್ ಅಂತ ಒಂದು ಫ್ರೀ ಆ್ಯಪ್, ಜರ್ಮನಿಯ ಆಖೆನ್ ಯೂನಿವರ್ಸಿಟಿಯವರು ಮಾಡಿದ್ದು, ಫೋನಿನ ಒಳಗಿರೋ ಸೆನ್ಸರ್‌ಗಳಿಂದ ಪ್ರಯೋಗ ಮಾಡಬಹುದು, ನೆಟ್ ಬೇಡ. ಒಂಬತ್ತನೇ ಕ್ಲಾಸಿನ ಶಬ್ದ ಪಾಠಕ್ಕೆ ಶಬ್ದದ ವೇಗವನ್ನ ಶಾಲೆಯ ಮೈದಾನದಲ್ಲೇ ಅಳೀಬಹುದು ಅಂದ್ರೆ ಮಕ್ಕಳು ನಂಬಲ್ಲ. ಬೇಕಾಗಿರೋದು ಎರಡು ಫೋನ್, ಇನ್ನೊಂದು ಸಹೋದ್ಯೋಗಿಗಳದ್ದು ತಗೊಳ್ಳಿ, ಮತ್ತೆ ಒಂದು ಟೇಪು.

ಎರಡೂ ಫೋನಲ್ಲಿ ಶಬ್ದದಿಂದ ಓಡೋ ಸ್ಟಾಪ್‌ವಾಚ್ ತೆರೀರಿ, ಒಂದು ಶಬ್ದಕ್ಕೆ ಶುರುವಾಗಿ ಇನ್ನೊಂದು ಶಬ್ದಕ್ಕೆ ನಿಲ್ಲುತ್ತೆ. ಫೋನ್‌ಗಳನ್ನ ಸರಿಯಾಗಿ 5 ಮೀಟರ್ ದೂರ ಇಡಿ. ಮೊದಲ ಫೋನ್ ಪಕ್ಕ ನಿಂತ ಮಗು ಜೋರಾಗಿ ಒಂದು ಚಪ್ಪಾಳೆ ಹೊಡೀಲಿ, ಎರಡೂ ಗಡಿಯಾರ ಶುರುವಾಗ್ತವೆ, ಆದ್ರೆ ದೂರದ್ದು ಕೊಂಚ ತಡವಾಗಿ. ಆಮೇಲೆ ಎರಡನೇ ಫೋನ್ ಪಕ್ಕದ ಮಗು ಚಪ್ಪಾಳೆ ಹೊಡೀಲಿ, ಈಗ ಎರಡನೇ ಫೋನ್ ತಕ್ಷಣ ನಿಲ್ಲುತ್ತೆ, ಮೊದಲನೇದು ತಡವಾಗಿ. ಮೊದಲ ಫೋನಿನ ಟೈಮಿಂದ ಎರಡನೇ ಫೋನಿನ ಟೈಮ್ ಕಳೀರಿ. ಉಳಿಯೋದು ಶಬ್ದ ಹೋಗಿ ಬರೋ 10 ಮೀಟರ್‌ಗೆ ತಗೊಂಡ ಕಾಲ. ನಮ್ಮ ಸೆಕೆಯಲ್ಲಿ ಸುಮಾರು 0.029 ಸೆಕೆಂಡ್ ಬರಬೇಕು, ಹತ್ತನ್ನ ಅದರಿಂದ ಭಾಗಿಸಿದ್ರೆ ಸೆಕೆಂಡಿಗೆ 345 ಮೀಟರ್ ಆಸುಪಾಸು ಬರುತ್ತೆ, ಪುಸ್ತಕದ ಸಂಖ್ಯೆಗೆ ಇಷ್ಟು ಹತ್ರ. ಒಂದೊಂದು ಸಲ 310 ಬರುತ್ತೆ, 380 ಬರುತ್ತೆ, ಹತ್ತು ಸಲ ಮಾಡಿ ಸರಾಸರಿ ತೆಗೆಸಿ, ಸರಾಸರಿ ಯಾಕೆ ಬೇಕು ಅನ್ನೋದು ಕೂಡ ಅಲ್ಲೇ ಕಲಿಸಿದ ಹಾಗಾಗುತ್ತೆ. ಗಾಳಿ ಸದ್ದಿಗೆ ಗಡಿಯಾರ ತಾನಾಗೇ ಓಡಿದ್ರೆ ಆ್ಯಪಲ್ಲಿರೋ ಥ್ರೆಶೋಲ್ಡ್ (ಎಷ್ಟು ಜೋರು ಶಬ್ದಕ್ಕೆ ಗಡಿಯಾರ ಓಡಬೇಕು ಅನ್ನೋ ಮಿತಿ) ಸ್ವಲ್ಪ ಏರಿಸಿ. ಇಂಟರ್‌ವಲ್ ಟೈಮಲ್ಲಿ ಈ ಪ್ರಯೋಗ ಬೇಡ, ಆ ಗಲಾಟೆಯಲ್ಲಿ ಏನೂ ಸಿಗಲ್ಲ.

ಹಂತ 7: ಮರೆಯೋ ಮೊದಲು ನೆನಪು ಮಾಡಿಸೋದು

ಪ್ರತಿ ಪಿರಿಯಡಿನ ಮೊದಲ ನಾಲ್ಕು ನಿಮಿಷ ಮೂರು ಪ್ರಶ್ನೆ: ಒಂದು ನಿನ್ನೆಯ ಪಾಠದ್ದು, ಒಂದು ಹೋದ ವಾರದ್ದು, ಒಂದು ಹೋದ ತಿಂಗಳದ್ದು. ಪುಸ್ತಕ ಮುಚ್ಚಿರಬೇಕು, ಮಾರ್ಕ್ಸ್ ಇಲ್ಲ. ಮತ್ತೆ ಮತ್ತೆ ಓದೋದಕ್ಕಿಂತ ನೆನಪಿಂದ ಎಳೆದು ಹೇಳೋದು ವಾರ ಕಳೆದ ಮೇಲೂ ತಲೆಯಲ್ಲಿ ಉಳಿಯುತ್ತೆ ಅಂತ ರೋಡಿಗರ್ ಮತ್ತು ಕಾರ್ಪಿಕೆ ಅನ್ನೋ ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಯೋಗ ಮಾಡಿ ತೋರಿಸಿದ್ದಾರೆ. ಪ್ಲಿಕರ್ಸಲ್ಲಿ ಹಳೇ ಪ್ರಶ್ನೆಗಳೆಲ್ಲ ಉಳಿದಿರುತ್ತೆ, ಯಾವುದಕ್ಕೆ ಜಾಸ್ತಿ ತಪ್ಪು ಬಂದಿತ್ತು ಅಂತಾನೂ ಇರುತ್ತೆ, ಅದನ್ನೇ ತಿಂಗಳ ಪ್ರಶ್ನೆಗೆ ಎತ್ಕೊಳ್ಳಿ. ಹತ್ತನೇ ಕ್ಲಾಸಿಗೆ ಇದೊಂದು ಮಾಡಿದ್ರೂ ಸಾಕು, ಜನವರಿಯಲ್ಲಿ ಜೂನ್ ತಿಂಗಳ ಪಾಠ ಮೊದಲಿಂದ ಮಾಡೋ ಕಷ್ಟ ತಪ್ಪುತ್ತೆ.

ಭಾಷೆ ಟೀಚರ್‌ಗಳಿಗೆ ಎರಡು ಮಾತು

ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ವೆಬ್‌ಸೈಟಲ್ಲಿ ಕನ್ನಡ ಕತೆಪುಸ್ತಕ ರಾಶಿ ಇದೆ, ಓದುವ ಮಟ್ಟದ ಪ್ರಕಾರ ಜೋಡಿಸಿದ್ದಾರೆ, ಡೌನ್‌ಲೋಡ್ ಫ್ರೀ. ಟಿವಿಯಲ್ಲಿ ಒಂದೊಂದೇ ಪುಟ ಹಾಕಿ, ಕೊನೇ ಎರಡು ಪುಟ ಮುಚ್ಚಿಟ್ಟು ಕತೆ ಮುಗಿಸೋಕೆ ಮಕ್ಕಳಿಗೇ ಬಿಡಿ. ಗಟ್ಟಿ ಓದು ಬರದ ಮಗುಗೆ ನನ್ನ ಸಹೋದ್ಯೋಗಿ ಒಬ್ಬರು ಮಾಡೋ ಉಪಾಯ ಚೆನ್ನಾಗಿದೆ: ಫೋನಿನ ರೆಕಾರ್ಡರಲ್ಲಿ ಅದೇ ಪ್ಯಾರಾನ ತಿಂಗಳಿಗೊಂದು ಸಲ ಓದಿಸಿ ಇಟ್ಕೋತಾರೆ. ಆಗಸ್ಟಿನ ದನಿ, ಡಿಸೆಂಬರಿನ ದನಿ ಎರಡನ್ನೂ ಮಗುಗೇ ಕೇಳಿಸಿದಾಗ ಆ ಮುಖ ನೋಡಬೇಕು. ಬೇರೆ ಮಕ್ಕಳ ಮುಂದೆ ಮಾತ್ರ ಹಾಕಲ್ಲ ಅವರು.

ಫೋನು, ಫೋಟೋ, ಮನೆಕೆಲಸ

ಎಷ್ಟೋ ಮನೆಯಲ್ಲಿ ಇರೋದು ಒಂದೇ ಫೋನ್, ಅದು ಬೆಳಗ್ಗೆ ಅಪ್ಪನ ಜೊತೆ ಕೆಲಸಕ್ಕೆ ಹೋಗಿ ರಾತ್ರಿ ಬರುತ್ತೆ. ಹಾಗಾಗಿ ಫೋನ್ ಇಲ್ಲದೆ ಮಾಡೋಕಾಗದ ಮನೆಕೆಲಸ ನಾನು ಕೊಡೋದೇ ಇಲ್ಲ, ಹೆಣ್ಣುಮಕ್ಕಳ ಕೈಗೆ ಫೋನ್ ಸಿಗೋದು ಇನ್ನೂ ಕಷ್ಟ ಅನ್ನೋದು ನಮಗೆಲ್ಲ ಗೊತ್ತು. ವಾಟ್ಸಾಪ್ ಗ್ರೂಪ್‌ಗೆ ಒಂದು ನಿಮಿಷದ ವಾಯ್ಸ್ ಮೆಸೇಜ್ ಹಾಕ್ತೀನಿ, ಕೇಳಿದವರಿಗೆ ಲಾಭ, ಕೇಳದವರಿಗೆ ನಷ್ಟ ಇಲ್ಲದ ಹಾಗೆ.

ಹಾಜರಿ ನಂಬರ್ ಹಾಕಿ ಅಂದಿದ್ದು ಯಾಕಂದ್ರೆ, ಮಕ್ಕಳ ಹೆಸರು, ಅವರ ತಪ್ಪು-ಸರಿ ಎಲ್ಲಾ ಯಾವುದೋ ಕಂಪನಿ ಸರ್ವರ್‌ಗೆ ಹೋಗುತ್ತೆ. 2023ರ ಡೇಟಾ ರಕ್ಷಣೆ ಕಾಯ್ದೆ ಪ್ರಕಾರ 18 ವರ್ಷದೊಳಗಿನವರ ಮಾಹಿತಿಗೆ ಅಪ್ಪ-ಅಮ್ಮನ ಒಪ್ಪಿಗೆ ಬೇಕು. ಕಾಯ್ದೆ ಬಿಡಿ, ಒಂದು ಮಗುವಿನ ತಪ್ಪು ಉತ್ತರ ಅದರ ಹೆಸರಿನ ಜೊತೆ ಟಿವಿ ಮೇಲೆ ಬಂದ್ರೆ ಆ ಮಗು ಮತ್ತೆ ಧೈರ್ಯ ಮಾಡಲ್ಲ. ಕ್ಲಾಸಿನ ಫೋಟೋ ಸ್ಟೇಟಸ್‌ಗೆ ಹಾಕೋ ಅಭ್ಯಾಸನೂ ಬಿಡಿ ಅಂತ ಕೈಮುಗಿದು ಕೇಳ್ಕೋತೀನಿ.

ಕರೆಂಟ್ ಹೋದ್ರೆ, ನೆಟ್ ಇಲ್ಲದಿದ್ರೆ

ಹೋಗೇ ಹೋಗುತ್ತೆ, ಅದೂ ಸಿಆರ್‌ಪಿ (ಸುತ್ತಲಿನ ಶಾಲೆಗಳಿಗೆ ಭೇಟಿ ಕೊಡೋ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಬಂದು ಕೂತ ದಿನಾನೇ. ಅದಕ್ಕೆ ಪ್ರಶ್ನೆಗಳನ್ನ ಯಾವಾಗ್ಲೂ ಲೆಸನ್ ಪ್ಲ್ಯಾನ್ ಪುಸ್ತಕದಲ್ಲೂ ಬರೆದಿಟ್ಕೊಳ್ಳಿ. ಮಕ್ಕಳಿಗೆ ಕಣ್ಣು ಮುಚ್ಚೋಕೆ ಹೇಳಿ, ಎ ಆದ್ರೆ ಒಂದು ಬೆರಳು, ಬಿ ಆದ್ರೆ ಎರಡು, ಸಿ ಮೂರು, ಡಿ ನಾಲ್ಕು, ಎದೆಗೆ ಒತ್ತಿ ಹಿಡೀಬೇಕು, ಮೇಲೆತ್ತೋ ಹಾಗಿಲ್ಲ. ಸಾಲಿನ ಮಧ್ಯೆ ಒಂದು ಸುತ್ತು ನಡೆದ್ರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತೆ ಯಾವ ಕಡೆ ಎಷ್ಟು ಅಂತ. ಸಂಖ್ಯೆ ಬೋರ್ಡಿನ ಮೂಲೆಯಲ್ಲಿ ಬರ್ಕೊಳ್ಳಿ, ಮಕ್ಕಳಿಗೆ ಅರ್ಥ ಆಗದ ಹಾಗೆ ಬರೀ ಗೆರೆ ಎಳೆದು. ಆಮೇಲೆ ಅದೇ ಮಾತು: "ಬೇರೆ ಉತ್ತರದವರನ್ನ ಹುಡುಕಿ, ಒಪ್ಪಿಸಿ, ಮೂರು ನಿಮಿಷ."